ನೆಗಡಿಯಾಗಿದೆ ಎಂದು ಮಗುವಿನ ಆಪರೇಷನ್ ಮುಂದೂಡಿದ್ದು ಏಕೆ?

ಪ್ರಶ್ನೆ: ನಾವು ಬ್ಯಾಡಗಿಯವರು. ನಮ್ಮ ಮಗನಿಗೆ ನಾಲ್ಕು ವರ್ಷ. ರಾತ್ರಿ ಬಾಯಿ ತೆರೆದು ಜೋರಾಗಿ ಗೊರಕೆ ಹೊಡೆಯುತ್ತಾನೆ, ಒಮ್ಮೊಮ್ಮೆ ಉಸಿರು ನಿಂತಂತಾಗಿ ಬೆಚ್ಚಿಬಿದ್ದು ಮತ್ತೆ ಎಳೆದುಕೊಳ್ಳುತ್ತಾನೆ. ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ವೈದ್ಯರು ಮೂಗಿನ ಹಿಂದೆ ಬೆಳೆದ ಅಡಿನಾಯ್ಡ್ ಗಂಟು ಮತ್ತು ಟಾನ್ಸಿಲ್ ತೆಗೆಸಲು ದಿನಾಂಕ ಕೊಟ್ಟಿದ್ದರು. ಆ ದಿನ ಬೆಳಿಗ್ಗೆ ಅರಿವಳಿಕೆ ವೈದ್ಯರು ಎದೆ ಪರೀಕ್ಷಿಸಿ, ಜ್ವರ ಮತ್ತು ಕಫದ ಕೆಮ್ಮು ಇದೆ, ಮೂರು ವಾರ ಬಿಟ್ಟು ಬನ್ನಿ ಎಂದು ಮರಳಿ ಕಳಿಸಿದರು. ನೆಗಡಿಗೂ ಅರಿವಳಿಕೆಗೂ ಏನು ಸಂಬಂಧ? ಇಷ್ಟು ಸಣ್ಣ ಕೂಸಿಗೆ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟರೆ ಏಳುವುದೇ ಕಷ್ಟ, ಎದ್ದರೂ ಬುದ್ಧಿ ಮಂದವಾಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಅದು ನಿಜವೇ? ಮಗುವನ್ನು ಅಷ್ಟು ಹೊತ್ತು ಉಪವಾಸ ಇಡುವುದೇಕೆ? ನಮ್ಮ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ನಡೆಯುತ್ತದೆ. ಅದರಿಂದ ತೊಂದರೆ ಉಂಟೇ?

ಉತ್ತರ: ನಿಮ್ಮ ಮಗನನ್ನು ಮರಳಿ ಕಳಿಸಿದ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ. ನಸುಕಿನಲ್ಲಿ ಎದ್ದು, ಹಸಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದು, ಒಂದು ದಿನದ ದುಡಿಮೆ ಬಿಟ್ಟು, ಆಸ್ಪತ್ರೆಯ ಬಾಗಿಲಿನಿಂದ ಹಾಗೆಯೇ ತಿರುಗಿ ಹೋಗುವುದು ಎಷ್ಟು ನೋವಿನ ಸಂಗತಿ ಎಂಬುದು ನನಗೆ ಗೊತ್ತು. ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ಬಂದ ಎಷ್ಟೋ ತಂದೆತಾಯಿಗಳಿಗೆ ಆ ಮಾತನ್ನು ನಾನೇ ಹೇಳಿದ್ದೇನೆ, ಅವರ ಮುಖ ಬಾಡುವುದನ್ನು ನೋಡಿದ್ದೇನೆ. ಕಾರಣವನ್ನು ಬಿಡಿಸಿ ಹೇಳಲು ಆ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಯಾರಿಗೂ ವ್ಯವಧಾನ ಇರುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಅರಿವಳಿಕೆ ಎಂದೊಡನೆ ಮನೆಯವರ ಮನಸ್ಸಿನಲ್ಲಿ ಮೂಡುವುದು ಔಷಧದ ಭಯ: ಡೋಸ್ ಹೆಚ್ಚಾಗಿಬಿಟ್ಟರೆ, ಹೃದಯ ನಿಂತುಬಿಟ್ಟರೆ, ಎಚ್ಚರವೇ ಆಗದಿದ್ದರೆ ಎಂಬ ಭಯ. ವಯಸ್ಸಾದವರಿಗೆ ಅರಿವಳಿಕೆ ಕೊಡುವಾಗ ಹೃದಯದ ಚಿಂತೆ ನಮಗೂ ಇರುತ್ತದೆ. ಮಕ್ಕಳಲ್ಲಿ ಹಾಗಲ್ಲ. ಆರೋಗ್ಯವಂತ ಮಗುವಿನ ಹೃದಯ ತಾನಾಗಿ ಸೋಲುವುದು ಬಹಳ ಅಪರೂಪ. ಮೊದಲು ಉಸಿರು ಕೆಡುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಆ ಕೊರತೆಗೆ ಹೃದಯದ ಬಡಿತ ನಿಧಾನವಾಗುತ್ತದೆ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಕೊಟ್ಟ 31 ಸಾವಿರಕ್ಕೂ ಹೆಚ್ಚು ಅರಿವಳಿಕೆಗಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಕ್ಷಣ ಕೈ ಹಾಕಿ ಸರಿಪಡಿಸಲೇಬೇಕಾದ ಗಂಭೀರ ಘಟನೆಗಳು ನೂರಕ್ಕೆ ಸುಮಾರು 5ರಷ್ಟು ಕಂಡುಬಂದವು. ಆ ಐದರಲ್ಲಿ ಉಸಿರಿಗೆ ಸಂಬಂಧಿಸಿದವೇ 3.1. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು, ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ವೈದ್ಯರ ಕೈಯಲ್ಲಿ ಅಪಾಯ ಕಡಿಮೆ ಎಂಬುದೂ ಅಲ್ಲಿ ಸ್ಪಷ್ಟವಾಯಿತು. ಈ ಘಟನೆಗಳಲ್ಲಿ ಬಹುಪಾಲು ನಿಮಿಷಗಳೊಳಗೆ ಸರಿಹೋಗುತ್ತವೆ. ಮಗುವಿಗಾಗಲಿ ಮನೆಯವರಿಗಾಗಲಿ ಅದು ನಡೆದದ್ದೇ ತಿಳಿಯುವುದಿಲ್ಲ. ಹಾಗೆ ಸರಿಹೋಗಬೇಕಾದರೆ ಮಾತ್ರ ಎಲ್ಲವೂ, ಎಲ್ಲರೂ ಸಿದ್ಧವಾಗಿರಬೇಕು.

ಮಗುವಿನ ಉಸಿರುದಾರಿ ದೊಡ್ಡವರ ಉಸಿರುದಾರಿಯ ಚಿಕ್ಕ ಅಚ್ಚಲ್ಲ, ಅದರ ರಚನೆಯೇ ಬೇರೆ. ಬಾಯಿಯ ಅಳತೆಗೆ ನಾಲಗೆ ದೊಡ್ಡದು. ತಲೆಯ ಹಿಂಭಾಗ ದಪ್ಪವಾಗಿರುವುದರಿಂದ ಎಳೆಗೂಸನ್ನು ಅಂಗಾತ ಮಲಗಿಸಿದರೆ ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಧ್ವನಿಪೆಟ್ಟಿಗೆ ದೊಡ್ಡವರಿಗಿಂತ ಮೇಲೆ ಇರುತ್ತದೆ. ಅದರ ಬಾಗಿಲಿಗೆ ಮುಚ್ಚಳದಂತಿರುವ ಎಪಿಗ್ಲಾಟಿಸ್ ಉದ್ದವಾಗಿ, ಮೆತ್ತಗೆ ಜೋಲುತ್ತಿರುತ್ತದೆ. ನಿಮ್ಮ ಮಗನ ಗಂಟಲಲ್ಲಿ ಇದೆಲ್ಲದರ ಜೊತೆಗೆ ಉಬ್ಬಿದ ಟಾನ್ಸಿಲ್‌ಗಳಿವೆ, ಮೂಗಿನ ಹಿಂದೆ ಅಡಿನಾಯ್ಡ್ ಇದೆ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದು ಹಿಡಿಯುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುವುದಕ್ಕೇ ಗೊರಕೆ. ಅರಿವಳಿಕೆಯಲ್ಲಿ ನಿದ್ದೆಗಿಂತಲೂ ಹೆಚ್ಚು ಸಡಿಲಾಗುತ್ತವೆ.

ಇನ್ನು ಶ್ವಾಸನಾಳದ ಅಗಲ. ನಾಲ್ಕು ವರ್ಷದ ಮಗುವಿನ ಶ್ವಾಸನಾಳಕ್ಕೆ ನಾವು ಹಾಕುವ ಕೊಳವೆಯ ಒಳವ್ಯಾಸ ಸುಮಾರು 4.5ರಿಂದ 5 ಮಿಲಿಮೀಟರ್; ಮಗುವಿನ ಕಿರುಬೆರಳನ್ನು ನೋಡಿದರೆ ಅದರ ಅಂದಾಜು ಸಿಗುತ್ತದೆ. ಕೂಸಿನ 4 ಮಿಲಿಮೀಟರ್ ದಾರಿಯ ಗೋಡೆ ಬಾವಿನಿಂದ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡಿತು ಎನ್ನಿ, ಗಾಳಿ ಹೋಗಲು ಉಳಿಯುವ ಜಾಗ ನಾಲ್ಕನೆಯ ಒಂದು ಭಾಗ; ಗಾಳಿ ಸಲೀಸಾಗಿ ಹರಿಯುವಾಗಲೇ ಅದನ್ನು ಎಳೆದುಕೊಳ್ಳುವ ಕಷ್ಟ 16 ಪಟ್ಟು ಏರುತ್ತದೆ. ದೊಡ್ಡವರ 8 ಮಿಲಿಮೀಟರ್ ದಾರಿ ಅಷ್ಟೇ ಊದಿಕೊಂಡರೆ ಕಷ್ಟ ಸುಮಾರು ಮೂರು ಪಟ್ಟು, ಅಷ್ಟೆ. ಬಾವಿನಿಂದ ನಿಮಗೆ ಗಂಟಲು ಕೆರೆತ ಮಾತ್ರ ಆಗಿ ಮಗುವಿಗೆ ಉಸಿರೇ ಕಟ್ಟುವುದು ಈ ಲೆಕ್ಕದಿಂದ.

ಮಗುವಿನಲ್ಲಿ ಆಮ್ಲಜನಕದ ಸಂಗ್ರಹವೂ ಕಡಿಮೆ. ದೊಡ್ಡವರು ದೇಹದ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಮೂರು-ನಾಲ್ಕು ಮಿಲಿಲೀಟರ್ ಆಮ್ಲಜನಕ ಬಳಸಿದರೆ, ಕೂಸು ಆರರಿಂದ ಎಂಟು ಮಿಲಿಲೀಟರ್ ಬಳಸುತ್ತದೆ. ಅರಿವಳಿಕೆಯಲ್ಲಿ ಮಗುವಿನ ಶ್ವಾಸಕೋಶ ಇನ್ನಷ್ಟು ಕುಗ್ಗಿಕೊಳ್ಳುವುದರಿಂದ ಉಳಿತಾಯದ ಗಾಳಿ ಬಹಳ ಸ್ವಲ್ಪ. ಮುಂಚಿತವಾಗಿ ಶುದ್ಧ ಆಮ್ಲಜನಕ ಉಸಿರಾಡಿಸಿದ ದೊಡ್ಡವರ ಉಸಿರು ನಿಂತರೆ ನಮಗೆ ಯೋಚಿಸಲು ಕೆಲವು ನಿಮಿಷ ಸಿಗುತ್ತದೆ. ಕೂಸಿನಲ್ಲಿ ಒಂದೂವರೆ ನಿಮಿಷವೂ ಸಿಗುವುದು ಅನುಮಾನ, ಅದಕ್ಕೆ ನೆಗಡಿಯೂ ಸೇರಿದರೆ ಇನ್ನೂ ಕಡಿಮೆ.

ನೆಗಡಿಯ ಮಾತಿಗೆ ಬರೋಣ. ಧ್ವನಿತಂತುಗಳು ಶ್ವಾಸನಾಳದ ಕಾವಲುಗಾರರು. ಅನ್ನದ ಅಗುಳೋ ನೀರಿನ ಹನಿಯೋ ತಪ್ಪಿ ಆ ಕಡೆ ಹೊರಟರೆ ತಟ್ಟನೆ ಮುಚ್ಚಿಕೊಂಡು ನಮ್ಮನ್ನು ಕಾಯುತ್ತವೆ, ಮರುಕ್ಷಣ ತೆರೆದುಕೊಳ್ಳುತ್ತವೆ. ಅರಿವಳಿಕೆ ಪೂರ್ತಿ ಹತ್ತದ ಅಥವಾ ಪೂರ್ತಿ ಇಳಿಯದ ಅರೆಮಂಪರಿನಲ್ಲಿ ಇದೇ ಕಾವಲು ಕೈಮೀರಬಹುದು: ಒಂದು ಹನಿ ಸಿಂಬಳವೋ ರಕ್ತವೋ ತಗಲಿದರೆ ಸಾಕು, ಮುಚ್ಚಿದ ಬಾಗಿಲು ತೆರೆಯುವುದೇ ಇಲ್ಲ. ಇದಕ್ಕೆ ಲಾರಿಂಗೋಸ್ಪಾಸಂ ಎನ್ನುತ್ತೇವೆ. ನೆಗಡಿಯ ವೈರಾಣು ಉಸಿರುದಾರಿಯ ಒಳಪದರವನ್ನು ಕೆರಳಿಸಿ ಅಲ್ಲಿನ ನರಗಳನ್ನು ಅತಿಸೂಕ್ಷ್ಮ ಮಾಡಿರುತ್ತದೆ. ಮೂಗು ಸೋರುವುದು ನಿಂತು, ಮಗು ಆಡತೊಡಗಿದ ಮೇಲೂ ಈ ಕೆರಳಿಕೆ ಎರಡು ವಾರ ಜೋರಾಗಿ, ಕೆಲವರಲ್ಲಿ ನಾಲ್ಕರಿಂದ ಆರು ವಾರದವರೆಗೂ ಉಳಿಯುತ್ತದೆ.

ನಾನು ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ಗದಗ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಗೆ, ಕೈಮುರಿದ ಐದು ವರ್ಷದ ಹುಡುಗಿಗೆ ಅರಿವಳಿಕೆ ಕೊಡಲು ಹೋಗಿದ್ದೆ. ನೆಗಡಿ, ಕೆಮ್ಮು ಇದೆಯೇ ಎಂದು ಕೇಳಿದಾಗ ತಂದೆ ಇಲ್ಲವೆಂದರು. ಎದೆಯೂ ಸ್ವಚ್ಛವಾಗಿ ಕೇಳಿಸಿತು. ಮೂಳೆ ಕೂರಿಸಿ, ಪಟ್ಟಿ ಹಾಕಿ ಮುಗಿದು, ಹುಡುಗಿ ಇನ್ನೇನು ಏಳಬೇಕು, ಆಗ ಒಮ್ಮೆ ಕೆಮ್ಮಿದಳು. ಅನಂತರ ಸದ್ದೇ ಇಲ್ಲ. ಹೊಟ್ಟೆ ಉಬ್ಬುತ್ತಿತ್ತು, ಎದೆ ಒಳಕ್ಕೆ ಎಳೆಯುತ್ತಿತ್ತು, ನನ್ನ ಕೈಯಲ್ಲಿದ್ದ, ಉಸಿರು ಕೊಡುವ ಚೀಲವನ್ನು ಒತ್ತಿದರೆ ಕಲ್ಲನ್ನು ಒತ್ತಿದಂತೆ. ಪಲ್ಸ್ ಆಕ್ಸಿಮೀಟರ್ ಒಂದೊಂದು ಬಡಿತಕ್ಕೂ ಒಂದೊಂದು ಸ್ವರ ಹೊರಡಿಸುತ್ತದೆ. ಆಮ್ಲಜನಕ ಇಳಿದಂತೆ ಆ ಸ್ವರವೂ ತಗ್ಗಿಗಿಳಿಯುತ್ತದೆ. ಪರದೆ ನೋಡದೆಯೂ ನಮಗೆ ಕಿವಿಯಿಂದಲೇ ತಿಳಿಯುವ ಹಾಗೆ ಅದನ್ನು ಮಾಡಿದ್ದಾರೆ. ಅಂದು ಆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಪರದೆಯಲ್ಲಿ ಆಮ್ಲಜನಕ ನೂರಕ್ಕೆ 70ಕ್ಕಿಂತ ಕೆಳಗೆ. ಮಾಸ್ಕನ್ನು ಬಿಗಿಯಾಗಿ ಹಿಡಿದು, ಕಿವಿಯ ಹಾಲೆಯ ಹಿಂದಿನ ಕುಳಿಯಲ್ಲಿ ಎರಡೂ ಕಡೆ ಬೆರಳೂರಿ ದವಡೆಯನ್ನು ಮುಂದಕ್ಕೆ ಎತ್ತಿ, ಶುದ್ಧ ಆಮ್ಲಜನಕವನ್ನು ಒತ್ತಡದಲ್ಲಿ ಹಿಡಿದೆ. ಅದರಿಂದ ತೆರೆಯದಿದ್ದಾಗ, ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟಿದ್ದ ಸ್ನಾಯು ಸಡಿಲಿಸುವ ಔಷಧವನ್ನು ಸಿಸ್ಟರ್ ರಕ್ತನಾಳಕ್ಕೆ ಕೊಟ್ಟರು. ಸ್ವರ ಮತ್ತೆ ಏರತೊಡಗಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಹುಡುಗಿ ಮರುದಿನ ನಗುತ್ತಾ ಮನೆಗೆ ಹೋದಳು. ಸಂಜೆ ತಂದೆಯನ್ನು ಕೂರಿಸಿಕೊಂಡು ಕೇಳಿದೆ. "ನಾಕು ದಿನದಿಂದ ಕೆಮ್ಮು ಇತ್ರೀ. ಹೇಳಿದ್ರ ವಾಪಸ್ ಕಳಸ್ತೀರಂತ ಹೇಳಲಿಲ್ರೀ" ಎಂದರು, ಕಣ್ಣಲ್ಲಿ ನೀರಿತ್ತು. ತಪ್ಪನ್ನು ನಾನು ಅವರ ಮೇಲೆ ಹೊರಿಸಲಾರೆ. ಕೆಮ್ಮಿದೆ ಎಂದು ಹೇಳಿದರೂ ಮರಳಿ ಕಳಿಸದೆ ಬೇರೆ ರೀತಿಯ ಸಿದ್ಧತೆ ಮಾಡಿಕೊಳ್ಳುವ ದಾರಿಗಳಿವೆ, ಮುರಿದ ಕೈ ಬಹಳ ದಿನ ಕಾಯುವುದೂ ಇಲ್ಲ ಎಂಬುದನ್ನು ಕೇಳುವಾಗಲೇ ನಾನು ಹೇಳಬೇಕಿತ್ತು. ಅಂದಿನಿಂದ ನಾನು ನೆಗಡಿ ಇದೆಯೇ ಎಂದು ಕೇಳುವುದಿಲ್ಲ. ಕಳೆದ ಎರಡು ವಾರದಲ್ಲಿ ಮಗು ರಾತ್ರಿ ಕೆಮ್ಮಿ ಎದ್ದದ್ದು ಯಾವಾಗ ಎಂದು ಕೇಳುತ್ತೇನೆ, ಜೊತೆಯಲ್ಲಿ ಅಜ್ಜಿ ಬಂದಿದ್ದರೆ ಅವರನ್ನೂ ಕೇಳುತ್ತೇನೆ.

ಹಾಗಾದರೆ ನೆಗಡಿ ಇದ್ದಾಗಲೆಲ್ಲ ಮುಂದೂಡಬೇಕೇ? ಇಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಹಜ; ಪ್ರತಿ ಸಲವೂ ಆರು ವಾರ ಕಾಯುತ್ತೇವೆ ಎಂದರೆ ಅಷ್ಟರಲ್ಲಿ ಮುಂದಿನ ನೆಗಡಿ ಬಂದಿರುತ್ತದೆ, ಆಪರೇಷನ್ ಎಂದಿಗೂ ಆಗುವುದಿಲ್ಲ. ಅದರಲ್ಲೂ ಅಡಿನಾಯ್ಡ್ ಬೆಳೆದ ಮಗುವಿನ ಮೂಗು ವರ್ಷವಿಡೀ ಸೋರುತ್ತಲೇ ಇರುತ್ತದೆ, ಅದು ನಿಲ್ಲಬೇಕಾದರೆ ಆಪರೇಷನ್ನೇ ಆಗಬೇಕು. ನೀರಿನಂತೆ ಮೂಗು ಸೋರುತ್ತಿದ್ದು, ಜ್ವರವಿಲ್ಲದೆ, ಮಗು ಉಂಡು ಆಡಿಕೊಂಡಿದ್ದರೆ ಅನುಭವಿ ಅರಿವಳಿಕೆ ವೈದ್ಯರು ಎಚ್ಚರಿಕೆಯಿಂದ ಮುಂದುವರಿಯಬಹುದು. ಜ್ವರ, ಕಫದ ಕೆಮ್ಮು, ಎದೆಯಲ್ಲಿ ಗೊರಗೊರ ಅಥವಾ ಸುಂಯ್ ಎನ್ನುವ ಸದ್ದು, ಹಳದಿ-ಹಸಿರು ಸಿಂಬಳ, ಮಂಕಾಗಿ ಮಲಗುವುದು, ಇವುಗಳಿದ್ದರೆ, ತುರ್ತಿನ ಆಪರೇಷನ್ ಅಲ್ಲದಿದ್ದರೆ, ಎರಡರಿಂದ ನಾಲ್ಕು ವಾರ ಕಾಯುವುದೇ ಸರಿ. ನಿಮ್ಮ ಮಗನಿಗೆ ಜ್ವರವೂ ಇತ್ತು, ಕಫದ ಕೆಮ್ಮೂ ಇತ್ತು. ಮೇಲಾಗಿ ಆಪರೇಷನ್ ನಡೆಯುವುದೇ ಉಸಿರುದಾರಿಯಲ್ಲಿ, ರಕ್ತ ಒಸರುವುದೇ ಧ್ವನಿತಂತುಗಳ ನೆತ್ತಿಯ ಮೇಲೆ. ಮೂರು ವಾರ ಎಂದದ್ದು ಅಳೆದು ಹೇಳಿದ ಮಾತು. ಅವನ ಎಂದಿನ ಮೂಗು ಸೋರುವಿಕೆ ಯಾವುದು, ಹೊಸ ನೆಗಡಿ ಯಾವುದು ಎಂಬ ವ್ಯತ್ಯಾಸ ಸ್ಟೆತಾಸ್ಕೋಪಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ದಿನಾಂಕಕ್ಕೆ ಎರಡು-ಮೂರು ದಿನ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಅದನ್ನು ತಿಳಿಸಿದರೆ ವೃಥಾ ಪ್ರಯಾಣವೂ ತಪ್ಪುತ್ತದೆ.

ಮೆಣಸಿನಕಾಯಿಯ ವಿಷಯ ಕೇಳಿದ್ದು ಒಳ್ಳೆಯದಾಯಿತು. ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ನಿಜವಾದರೂ ಅದರ ಘಾಟಿನಲ್ಲಿ ಕ್ಯಾಪ್ಸೈಸಿನ್ ಇದ್ದೇ ಇರುತ್ತದೆ. ಉಸಿರುದಾರಿಯ ಕೆಮ್ಮಿನ ನರಗಳನ್ನು ನೇರವಾಗಿ ಕೆರಳಿಸುವ ವಸ್ತು ಅದು. ಕೆಮ್ಮಿನ ಬಗ್ಗೆ ಸಂಶೋಧನೆ ಮಾಡುವವರು ಬೇಕೆಂದೇ ಕೆಮ್ಮು ಬರಿಸಲು ಅದನ್ನೇ ಬಳಸುತ್ತಾರೆ. ತೊಟ್ಟು ಬಿಡಿಸುವ ಕೆಲಸ ನಿಮ್ಮ ಜೀವನೋಪಾಯ, ಅದನ್ನು ನಿಲ್ಲಿಸಿ ಎಂದು ಹೇಳಲಾರೆ. ಆಪರೇಷನ್ನಿಗೆ ಮುಂಚಿನ ಈ ಮೂರು ವಾರ ಮಗುವನ್ನು ಆ ಕೋಣೆಯಲ್ಲಿ ಆಡಲು, ಚೀಲಗಳ ಪಕ್ಕ ಮಲಗಲು ಬಿಡಬೇಡಿ. ಕೆಲಸ ಮುಗಿಸಿ ಕೈತೊಳೆದು ಸೀರೆ ಬದಲಿಸಿ ಅವನನ್ನು ಎತ್ತಿಕೊಳ್ಳಿ. ಬೀಡಿ-ಸಿಗರೇಟಿನ ಹೊಗೆ ಇದಕ್ಕಿಂತಲೂ ಕೆಟ್ಟದ್ದು. ಮನೆಯಲ್ಲಿ ಸೇದುವವರಿದ್ದರೆ ಆ ಮನೆಯ ಮಗುವಿಗೆ ಅರಿವಳಿಕೆಯಲ್ಲಿ ಉಸಿರಿನ ತೊಂದರೆ ಹೆಚ್ಚು ಎಂಬುದು ಅನೇಕ ಅಧ್ಯಯನಗಳಲ್ಲಿ ಸಾಬೀತಾಗಿದೆ. ಅಂಗಳದಲ್ಲಿ ಸೇದಿ ಒಳಗೆ ಬಂದರೂ ಬಟ್ಟೆಯಲ್ಲಿ ಹೊಗೆಯ ಅಂಶ ಉಳಿದಿರುತ್ತದೆ.

ಉಪವಾಸವೂ ಉಸಿರುದಾರಿಯ ವಿಷಯವೇ. ಅರಿವಳಿಕೆಯಲ್ಲಿ ಹೊಟ್ಟೆಯ ಪದಾರ್ಥ ಮೇಲೆ ಬಂದರೆ ಕೆಮ್ಮಿ ಉಗುಳುವ ಶಕ್ತಿ ಇರುವುದಿಲ್ಲ, ಹುಳಿಯಾದ ಆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಊಟ, ತಿಂಡಿ, ಬಿಸ್ಕತ್ತು, ಆಕಳ ಅಥವಾ ಎಮ್ಮೆ ಹಾಲು, ಹಾಲು ಹಾಕಿದ ಚಹಾ, ಇವೆಲ್ಲ ಆರು ಗಂಟೆ ಮೊದಲೇ ನಿಲ್ಲಬೇಕು. ಕರಿದದ್ದು, ಜಿಡ್ಡಿನದು ಎಂಟು ಗಂಟೆ ಮೊದಲು. ತಾಯಿಯ ಹಾಲಿಗೆ ನಾಲ್ಕು ಗಂಟೆ. ಆದರೆ ನೀರನ್ನು ನಿಲ್ಲಿಸುವ ಅಗತ್ಯ ಅಷ್ಟು ಹೊತ್ತು ಇಲ್ಲ, ಇದನ್ನು ನಮ್ಮ ಕಡೆ ಅನೇಕ ಆಸ್ಪತ್ರೆಗಳಲ್ಲೂ ಸರಿಯಾಗಿ ಹೇಳುವುದಿಲ್ಲ. ಬರೀ ನೀರು, ಸಕ್ಕರೆ ನೀರು, ಎಳನೀರನ್ನು ಎರಡು ಗಂಟೆ ಮೊದಲಿನವರೆಗೂ ಕೊಡಬಹುದು. ಬ್ರಿಟನ್ ಮತ್ತು ಯುರೋಪಿನ ಮಕ್ಕಳ ಅರಿವಳಿಕೆ ತಜ್ಞರು 2018ರಿಂದ ಅದನ್ನು ಒಂದು ಗಂಟೆಗೆ ಇಳಿಸಿದ್ದಾರೆ. ರಾತ್ರಿ ಹತ್ತಕ್ಕೆ ಊಟ ಮಾಡಿಸಿ, ಮರುದಿನ ಮಧ್ಯಾಹ್ನದವರೆಗೆ ಹನಿ ನೀರೂ ಇಲ್ಲದೆ ಮಗುವನ್ನು ಅಳಿಸುವುದು ಸುರಕ್ಷತೆಯಲ್ಲ. ಒಣಗಿದ ಮಗುವಿಗೆ ರಕ್ತನಾಳ ಸಿಗುವುದು ಕಷ್ಟ, ರಕ್ತದೊತ್ತಡ ಇಳಿಯುವುದೂ ಹೆಚ್ಚು. ಕೊನೆಯದಾಗಿ ನೀರು ಎಷ್ಟು ಗಂಟೆಗೆ ಎಂದು ಹಿಂದಿನ ದಿನವೇ ಕೇಳಿ ಬರೆದುಕೊಳ್ಳಿ. ನಿಮ್ಮ ಅತ್ತೆಯವರಿಗೂ ಇದನ್ನು ಪ್ರೀತಿಯಿಂದ ತಿಳಿಸಿ ಹೇಳಿ. "ಹಸಿದು ಅಳಾಕತ್ತಿತ್ರೀ, ಒಂದ ಬಿಸ್ಕೀಟ ಕೊಟ್ಟೇನ್ರೀ" ಎಂದು ಥಿಯೇಟರಿನ ಬಾಗಿಲಲ್ಲಿ ಹೇಳಿದ ಅಜ್ಜಿಯರಿಗೆ ನಾನು ಕೈಮುಗಿಯುತ್ತೇನೆ, ಏಕೆಂದರೆ ಹೇಳಿದರಲ್ಲ. ಹೇಳಿದರೆ ಆರು ಗಂಟೆ ತಡವಾಗುತ್ತದೆ, ಅಷ್ಟೇ.

ಮಗು ಏಳುತ್ತದೆಯೇ ಎಂಬ ಪ್ರಶ್ನೆ ಅರಿವಳಿಕೆಯಷ್ಟೇ ಹಳೆಯದು. 1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನವಾಗಿ ಎರಡು ವರ್ಷವೂ ಕಳೆದಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳುವಾಗ ಕ್ಲೋರೋಫಾರಂನಿಂದ ತೀರಿಕೊಂಡಳು. ಕ್ಲೋರೋಫಾರಂ ಅರಿವಳಿಕೆಯಿಂದಾದ ಸಾವುಗಳಲ್ಲಿ ದಾಖಲಾದ ಮೊದಲನೆಯದು ಅದು. ಅವಳನ್ನು ಎಚ್ಚರಿಸಲೆಂದು ಬಾಯಿಗೆ ನೀರು, ಬ್ರಾಂದಿ ಹಾಕಿದ್ದರು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ಇಂದು ಯಾವ ನರ್ಸಿಗೂ ಗೊತ್ತು. ಅಂದಿನಿಂದ ಬಂದ ದಾರಿ ದೊಡ್ಡದು. 1937ರಲ್ಲಿ ಫಿಲಿಪ್ ಐಯರ್ ಎಂಬ ವೈದ್ಯರು ಸೀಳುತುಟಿಯ ಕೂಸುಗಳು ಆಯಾಸವಿಲ್ಲದೆ ಉಸಿರಾಡಲೆಂದು ಒಂದು ಸರಳ ಟಿ ಆಕಾರದ ಕೊಳವೆ ರೂಪಿಸಿದರು. 1950ರಲ್ಲಿ ಜಾಕ್ಸನ್ ರೀಸ್ ಅದಕ್ಕೆ ತುದಿ ತೆರೆದ ಚೀಲ ಸೇರಿಸಿದರು. ಧಾರವಾಡದ ಸತ್ತೂರಿನಲ್ಲಿ ಸೀಳುತುಟಿಯ ಮಕ್ಕಳಿಗೆ ಆಪರೇಷನ್ ಮಾಡುವಾಗಲೂ, ಹುಬ್ಬಳ್ಳಿಯ ಯಾವುದೇ ಥಿಯೇಟರಿನಲ್ಲೂ ಇಂದಿಗೂ ಕೈಗೆ ಸಿಗುವುದು ಅದೇ ಚೀಲ. 1974ರಲ್ಲಿ ಜಪಾನಿನ ಟಾಕುವೊ ಅವೊಯಾಗಿ ಕಂಡುಹಿಡಿದ ಪಲ್ಸ್ ಆಕ್ಸಿಮೀಟರ್ ತತ್ವ ಬಂದ ಮೇಲೆ, ಮಗುವಿನ ತುಟಿ ನೀಲಿಯಾಗುವವರೆಗೂ ಕಾಯುವ ಕಾಲ ಮುಗಿಯಿತು.

ಅಂಕಿಗಳನ್ನು ಕೇಳಿದರೆ: ಮೆಲ್ಬೋರ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರಿವಳಿಕೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರಿವಳಿಕೆಗೆ ಸಂಬಂಧಿಸಿದ ಸಾವುಗಳು 10. ಆ ಹತ್ತೂ ಮಕ್ಕಳಿಗೆ ಮೊದಲೇ ಬೇರೆ ಕಾಯಿಲೆ ಇತ್ತು. ಅದು ಮಕ್ಕಳಿಗೆಂದೇ ಇರುವ ದೊಡ್ಡ ಆಸ್ಪತ್ರೆ. ಎಲ್ಲ ಊರಿನ ಎಲ್ಲ ನರ್ಸಿಂಗ್ ಹೋಮಿಗೂ ಆ ಲೆಕ್ಕ ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳಲಾರೆ. ಆದ್ದರಿಂದಲೇ ಎಲ್ಲಿ, ಯಾರು ಎಂಬುದನ್ನು ನೀವು ಕೇಳಬೇಕು. ಮಗುವಿಗೆ ಅರಿವಳಿಕೆ ಕೊಡುವವರು ಅರಿವಳಿಕೆ ತಜ್ಞರೇ, ಅವರು ಮಗು ಪೂರ್ತಿ ಏಳುವವರೆಗೂ ಅಲ್ಲೇ ಇರುತ್ತಾರೆಯೇ, ಇಂಥ ವಯಸ್ಸಿನ ಮಕ್ಕಳಿಗೆ ಆಗಾಗ ಅರಿವಳಿಕೆ ಕೊಡುವವರೇ? ಮಕ್ಕಳ ಅಳತೆಯ ಮಾಸ್ಕ್, ಕೊಳವೆಗಳು, ಗಂಟಲಿನ ದ್ರವ ಹೀರಿ ತೆಗೆಯುವ ಸಕ್ಷನ್, ಆಕ್ಸಿಮೀಟರ್ ಮತ್ತು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇವೆಯೇ? ಥಿಯೇಟರಿನಿಂದ ಹೊರಬಂದ ಮೇಲೆ ಮಗುವಿನ ಪಕ್ಕದಲ್ಲಿ ಕೂರುವವರು ಯಾರು? ಬೇಕಾದರೆ ಮಕ್ಕಳ ಐಸಿಯು ಎಲ್ಲಿದೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ವೈದ್ಯರು ಕಡಿಮೆ. ನನಗಂತೂ ಹೀಗೆ ಕೇಳುವ ತಾಯಿ ಬಂದರೆ ಸಮಾಧಾನವಾಗುತ್ತದೆ. ಹಲ್ಲಿನ ಚಿಕಿತ್ಸೆಗೆಂದು, ಸ್ಕ್ಯಾನಿಂಗಿಗೆಂದು ಸುಮ್ಮನೆ ನಿದ್ದೆ ಬರಿಸುತ್ತೇವೆ ಎನ್ನುವಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳಬೇಕು, ಅಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕು.

ನಿಮ್ಮ ಕಡೆಯಿಂದ ಹೇಳಬೇಕಾದದ್ದೂ ಇದೆ. ಅಲುಗಾಡುವ ಹಲ್ಲು ಇದ್ದರೆ ಹೇಳಿ. ದಿನ ತುಂಬುವ ಮೊದಲೇ ಹುಟ್ಟಿದ್ದರೆ, ದಮ್ಮು ಇದ್ದರೆ, ಚರ್ಮದ ಅಲರ್ಜಿ ಇದ್ದರೆ ಹೇಳಿ. ರಕ್ತಸಂಬಂಧದಲ್ಲಿ ಯಾರಾದರೂ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರಾಡದೆ ವೆಂಟಿಲೇಟರಿನಲ್ಲಿ ಇರಬೇಕಾಗಿತ್ತೇ, ಯಾರಿಗಾದರೂ ಅರಿವಳಿಕೆಯಲ್ಲಿ ಮೈ ಬೆಂಕಿಯಂತೆ ಕಾದಿತ್ತೇ ಎಂಬುದನ್ನು ಹಿರಿಯರಲ್ಲಿ ಕೇಳಿಕೊಂಡು ಬನ್ನಿ. ಸೋದರಮಾವ, ಅತ್ತೆಯ ಮಕ್ಕಳೊಳಗೆ ಮದುವೆಯಾಗುವ ರೂಢಿ ನಮ್ಮ ಕಡೆ ಇರುವುದರಿಂದ, ಸಕ್ಸಿನಿಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧವನ್ನು ಕರಗಿಸುವ ಕಿಣ್ವದ ಕೊರತೆಯಂಥ ಅಪರೂಪದ ದೋಷಗಳು ಒಂದೇ ಮನೆತನದಲ್ಲಿ ಎದ್ದು ಕಾಣುವ ಸಾಧ್ಯತೆ ಹೆಚ್ಚು.

ಬುದ್ಧಿ ಮಂದವಾಗುವ ಭಯಕ್ಕೆ ಒಂದು ಹಿನ್ನೆಲೆ ಇದೆ. ಎಳೆಯ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ನೀಡಿತು. ಆಮೇಲೆ ಏಳು ದೇಶಗಳ 722 ಎಳೆಗೂಸುಗಳನ್ನು ಐದು ವರ್ಷದವರೆಗೆ ಹಿಂಬಾಲಿಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು: ಒಂದು ಗಂಟೆಗಿಂತ ಕಡಿಮೆ ಅವಧಿಯ ಪೂರ್ಣ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಮತ್ತೆಗೂ, ಎಚ್ಚರವಿದ್ದಂತೆಯೇ ಬೆನ್ನಿನ ಇಂಜೆಕ್ಷನ್ ಪಡೆದವರ ಬುದ್ಧಿಮತ್ತೆಗೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗನಿಗೆ ನಾಲ್ಕು ವರ್ಷ, ಅವನ ಆಪರೇಷನ್ ಸಾಮಾನ್ಯವಾಗಿ ಒಂದು ಗಂಟೆಯೊಳಗಿನದು. ಅದಕ್ಕಿಂತ, ರಾತ್ರಿ ರಾತ್ರಿಯೂ ಉಸಿರು ಕಟ್ಟಿ ನಿದ್ದೆ ಮುರಿಯುವುದರಿಂದಲೇ ಮಕ್ಕಳ ಗಮನ, ಕಲಿಕೆ, ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಹೆದರಿ ಆಪರೇಷನ್ನನ್ನೇ ಕೈಬಿಡಬೇಡಿ.

ಎದ್ದ ಕೂಡಲೇ ಮಗ ಕಿರುಚಾಡಿ, ಕೈಕಾಲು ಬಡಿದು, ನಿಮ್ಮನ್ನೇ ಗುರುತಿಸದೆ ಹೋಗಬಹುದು. ಈ ವಯಸ್ಸಿನಲ್ಲಿ ಅದು ಸಾಮಾನ್ಯ, ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಆಮೇಲೆ ಅವನಿಗೆ ನೆನಪೂ ಇರುವುದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳು ಕೆಲವು ನೋವು ನಿವಾರಕಗಳಿಗೆ ಅತಿಯಾಗಿ ಮಂಪರಾಗುತ್ತಾರೆ. ಟಾನ್ಸಿಲ್ ತೆಗೆದ ಮಕ್ಕಳಿಗೆ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇರುವ ಕೊಡೀನ್ ಎಂಬ ನೋವು ನಿವಾರಕವನ್ನು ಕೊಡಬಾರದೆಂದು ಅಮೆರಿಕದಲ್ಲಿ 2013ರಿಂದಲೇ ಎಚ್ಚರಿಕೆ ಇದೆ, ಅಲ್ಲಿ 2017ರಿಂದ 12 ವರ್ಷದೊಳಗಿನವರಿಗೆ ಅದು ಪೂರ್ತಿ ನಿಷಿದ್ಧ. ಮನೆಯಲ್ಲಿ ಉಳಿದಿರುವ ಯಾವ ಕೆಮ್ಮಿನ ಸಿರಪ್ಪನ್ನೂ ಕೊಡಬೇಡಿ, ಬರೆದುಕೊಟ್ಟದ್ದನ್ನಷ್ಟೇ ಕೊಡಿ. ನಿಮ್ಮ ಮಗನಿಗೆ ಉಸಿರು ನಿಂತು ಎಳೆಯುವ ಲಕ್ಷಣ ಇರುವುದರಿಂದ ಆ ರಾತ್ರಿ ಆಸ್ಪತ್ರೆಯಲ್ಲೇ ಆಕ್ಸಿಮೀಟರ್ ಹಾಕಿಸಿ ಉಳಿಯಿರಿ, ಸಂಜೆಯೇ ಬಿಡುತ್ತೇವೆ ಎಂದರೂ ಕೇಳಿಕೊಂಡು ಉಳಿಯಿರಿ.

ಮನೆಗೆ ಹೋದ ಮೇಲೆ ಐದನೆಯ ದಿನದಿಂದ ಹತ್ತನೆಯ ದಿನದವರೆಗೆ, ಗಾಯದ ಬಿಳಿ ಪೊರೆ ಬಿಡುವ ಹೊತ್ತಿನಲ್ಲಿ, ರಕ್ತ ಬರುವ ಸಾಧ್ಯತೆ ಇರುತ್ತದೆ. ಸಣ್ಣ ಮಕ್ಕಳು ರಕ್ತವನ್ನು ಉಗುಳುವುದಿಲ್ಲ, ನುಂಗುತ್ತಾರೆ. ನಿದ್ದೆಯಲ್ಲಿ ಮತ್ತೆ ಮತ್ತೆ ಗುಟುಕರಿಸುವ ಹಾಗೆ ಗಂಟಲು ಅಲುಗುತ್ತಿದ್ದರೆ ದೀಪ ಹಾಕಿ ಬಾಯಿ ನೋಡಿ. ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಹುಬ್ಬಳ್ಳಿಯವರೆಗೆ ಓಡುವುದೂ ಬೇಡ. ಮೊದಲು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ, ದಾರಿಯಲ್ಲಿ ಅವನನ್ನು ಅಂಗಾತ ಮಲಗಿಸದೆ ಕೂರಿಸಿಕೊಂಡು ಅಥವಾ ಮಗ್ಗುಲಾಗಿ ಹಿಡಿದುಕೊಂಡು, ಅಲ್ಲಿಂದಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಬಾಯಿಗೆ ಏನನ್ನೂ ಕೊಡಬೇಡಿ, ಕೊನೆಯದಾಗಿ ಎಷ್ಟು ಗಂಟೆಗೆ ಏನು ತಿಂದಿದ್ದ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಅರಿವಳಿಕೆ ವೈದ್ಯರು ನಿಮ್ಮನ್ನು ಮೊದಲು ಕೇಳುವುದು ಅದನ್ನೇ.